ಹದಿನೇಳನೆಯ ಕಂಬದ ಮುಳ್ಳು

ಹದಿನಾರು ಕಂಬಗಳ ಮಾಪಕದ ಮುಳ್ಳು ಮೇಲೇರಿತ್ತು. ಹದಿನೇಳನೆಯದು ಮಾತ್ರ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಮುಳ್ಳಮ್ಮನ ತಲೆಗೆ ಹುಳ ಹೊಕ್ಕಿದ್ದು ಅಲ್ಲೇ.

ಮುಳ್ಳಮ್ಮ ಅವಳ ಹೆಸರಲ್ಲ. ದಿನವಿಡೀ ಒತ್ತಡದ ಮಾಪಕದ ಮುಳ್ಳನ್ನೇ ದಿಟ್ಟಿಸುತ್ತಾಳೆಂದು ಅಕ್ಕನ ಗಂಡ ಇಟ್ಟ ಅಡ್ಡಹೆಸರು. ಅವರು ಕಟ್ಟುತ್ತಿದ್ದುದು ಹೆರಿಗೆ ಆಸ್ಪತ್ರೆ. ಅದರ ಅಡಿಪಾಯದ ಕಂಬಗಳಿಗೆ ಕಟ್ಟಡ ಹೊರುವುದಷ್ಟೇ ಕೆಲಸವಲ್ಲ. ಚಳಿಗಾಲದಲ್ಲಿ ನೆಲದಾಳದ ಬಿಸುಪನ್ನು ಕೋಣೆಗಳಿಗೆ ತರಬೇಕು, ಬೇಸಿಗೆಯಲ್ಲಿ ಕೋಣೆಗಳ ಸೆಕೆಯನ್ನು ನೆಲಕ್ಕಿಳಿಸಬೇಕು. ಭಾವ ಕಂಬಿಯ ಪಂಜರ ಕಟ್ಟುತ್ತಿದ್ದ. ಅದರೊಳಗೆ ಇವಳು ನೀರಿನ ಕೊಳವೆ ಹಾಯಿಸಿ, ಒತ್ತಡದಲ್ಲಿ ನೀರು ತುಂಬಿ, ಅದರ ಬಾಯಿಗೆ ನಲ್ಲಿಯನ್ನೂ ಮಾಪಕವನ್ನೂ ಕೂರಿಸುತ್ತಿದ್ದಳು. ಆಮೇಲೆ ಕಾಂಕ್ರೀಟು. ಒಮ್ಮೆ ಸುರಿದರೆ ಮುಗಿಯಿತು, ಕೊಳವೆ ತೂತಾಗಿದ್ದರೂ ತೆಗೆಯಲಾಗದು. ಕಾಂಕ್ರೀಟಿನ ಭಾರ ಕೊಳವೆಯನ್ನು ಅದುಮಿದಾಗ ಮುಳ್ಳು ಒಂದಿಷ್ಟು ಏರಲೇಬೇಕು.

ಏರದಿದ್ದರೆ? ಯಾರೋ ಮಾಪಕದ ಕೆಳಗಿನ ನಲ್ಲಿ ಮುಚ್ಚಿದ್ದಾರೆ. ಯಾಕೆ ಮುಚ್ಚುತ್ತಾರೆ? ತೂತು ಬಚ್ಚಿಡಲು; ನಲ್ಲಿ ಮುಚ್ಚಿದರೆ ಕೊಳವೆ ಸೋರಿದರೂ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ತೂತು ಮಾಡುವವರು ಯಾರು? ಪಂಜರ ಬಿಗಿಯುವ ತಂತಿಯ ಚೂಪು ತುದಿ ಒಳಮುಖ ಬಿಡಬೇಡಿ ಎಂದು ಇವಳು ಎಷ್ಟು ಬಾಯಿ ಬಡಿದುಕೊಂಡರೂ ಹಲ್ಲು ಕಿರಿಯುವ ಭಾವನ ಕಡೆಯವರು.

"ಹದಿನೇಳನೇದಕ್ಕೆ ಯಾರಾದ್ರೂ ಕೈ ಹಾಕಿದ್ರಾ, ಭಾವ?"

"ನಿನ್ನ ಮುಳ್ಳಿನ ಉಸಾಬರಿ ನಮಗ್ಯಾಕಮ್ಮ?" ಎಂದು ಭಾವ ಬೇರೆ ಕಡೆ ನೋಡಿದ.

ಆ ನೋಟವೇ ಸಾಕಾಯಿತು. ಸಂಜೆ ಅಕ್ಕನಿಗೆ ಫೋನು ಮಾಡಿ, "ನಿನ್ನ ಗಂಡನ ಕೈ ಅಷ್ಟು ಚೊಕ್ಕ ಅಲ್ಲ ಕಣೇ, ಹುಷಾರು" ಅಂದಳು. ಎರಡು ದಿನ ಒಳಗೊಳಗೇ ಕುದ್ದು, ಮೂರನೆಯ ಬೆಳಿಗ್ಗೆ ಇಂಜಿನಿಯರ ಕಿವಿಗೂ ಹಾಕಿದಳು.

"ತೂತು ಬಚ್ಚಿಟ್ಟಿದ್ರೆ ಅವರಿಗೆ ಇವತ್ತೇ ಕೊನೇ ದಿನ" ಎಂದರು ಇಂಜಿನಿಯರು.

ಭಾವನನ್ನೂ ಕರೆದುಕೊಂಡು ಮೂವರೂ ಹೋಗಿ ಹದಿನೇಳರ ಮುಂದೆ ನಿಂತರು. ಸಿಮೆಂಟು ಸಿಡಿಯದಿರಲೆಂದು ಮಾಪಕವನ್ನೂ ನಲ್ಲಿಯನ್ನೂ ಮುಳ್ಳು ಕಾಣುವಂಥ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀಲಿ ಬಟ್ಟೆಯ ಪಟ್ಟಿಯಿಂದ ಬಿಗಿದಿತ್ತು. ಮುಳ್ಳಮ್ಮ ಗಂಟಿಗೆ ಕೈ ಹಾಕಿದವಳು ಹಾಗೇ ನಿಂತಳು.

ಗಂಟು ಎಡಕ್ಕೆ ಸುತ್ತಿತ್ತು. ಅಲ್ಲಿನ ಕೆಲಸದವರಲ್ಲಿ ಎಡಚಿ ಅವಳೊಬ್ಬಳೇ. ಮೇಲೆ ಸಿಡಿದು ಒಣಗಿದ ಸಿಮೆಂಟಿನ ಪದರ ಬಿರುಕು ಕೂಡ ಬಿಟ್ಟಿರಲಿಲ್ಲ. ಸುರಿದ ದಿನದಿಂದ ಅದನ್ನು ಯಾರೂ ಬಿಚ್ಚಿಲ್ಲ.

ಆ ದಿನ ಸುರಿಯುವ ಮೊದಲು ಗಾಜು ಒಡೆದ ಮಾಪಕವನ್ನು ಅವಸರದಲ್ಲಿ ಬದಲಿಸಿದ್ದು ಆಗ ನೆನಪಾಯಿತು. ಬದಲಿಸಲು ನಲ್ಲಿ ಮುಚ್ಚಿದ್ದಳು. ಹೊಸದಕ್ಕೆ ಪಂಪಿನಿಂದ ಮೊದಲಿನಷ್ಟೇ ಒತ್ತಡ ತುಂಬಿ, ಸುತ್ತಿ, ಗಂಟು ಹಾಕಿದ್ದಳು. ನಲ್ಲಿ ತೆರೆದಿರಲಿಲ್ಲ.

ಗಂಟನ್ನು ಹಾಗೇ ಬಿಟ್ಟು, ಪ್ಲಾಸ್ಟಿಕ್ಕು ಹರಿದು ಈಗ ತೆರೆದಳು. ಮುಳ್ಳು ಸರಕ್ಕನೆ ಉಳಿದವುಗಳ ಮಟ್ಟಕ್ಕೆ ಏರಿ ನಿಂತಿತು. ಕೊಳವೆ ಗಟ್ಟಿಯಾಗಿಯೇ ಇತ್ತು, ತೂತಿರಲಿಲ್ಲ.

"ಹಾಗಾದ್ರೆ ಮುಚ್ಚಿದ್ದು ಯಾರು?" ಇಂಜಿನಿಯರು ಕೇಳಿದರು.

"ಯಾರೋ ಮರೆತಿರ್ಬೇಕು ಬಿಡಿ ಸಾರ್, ಮುಳ್ಳು ಏರ್ತಲ್ಲ" ಎಂದ ಭಾವ. ಅವನ ಕಣ್ಣು ಗಂಟಿನ ಮೇಲಿತ್ತು. ಅವನಿಗೂ ಗೊತ್ತಾಗಿತ್ತು.

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ನಾನೇ ಸಾರ್. ಸುಮ್ಮನೆ ಇವರ ಮೇಲೆ ಗೂಬೆ ಕೂರಿಸಿದೆ."

ಇಂಜಿನಿಯರು ಏನೋ ಬರೆದುಕೊಂಡು ಹೋದರು. ಭಾವ ತಂತಿಯ ಸುರುಳಿ ಹೆಗಲಿಗೇರಿಸಿದ.

"ಎರಡು ದಿನ ಆಯ್ತು, ನಿನ್ನಕ್ಕ ನನ್ನ ಹತ್ರ ಮಾತಾಡಿಲ್ಲ. ಯಾಕೆ ಅಂತ ನಂಗೆ ಈಗ ಗೊತ್ತಾಯ್ತು" ಎಂದ. "ಸಂಜೆ ಮನೆಗೆ ಬಾ. ಈಗ ಹೇಳಿದ್ಯಲ್ಲ, ಅದನ್ನೇ ಅವಳ ಎದುರಿಗೂ ಹೇಳು."