ಜೋಳಿಗೆಯ ನವಣೆ

ಹೈಬ್ರೀಡ್ ಜೋಳ ಬಂದಮೇಲೆ ಜಗಳೂರು ಸೀಮೆಯ ಆ ಊರಲ್ಲಿ ನವಣೆ ಬಿತ್ತುವವಳು ಸಿದ್ದಲಿಂಗಮ್ಮ ಒಬ್ಬಳೇ. ಜನ ನಕ್ಕರು. ನಗಲಿ, ಅವರ ಹಲ್ಲು, ಅವರಿಷ್ಟ! ನಗದೇ ಇದ್ದವನು ಮನೆಮನೆಗೆ ಹಾಡಿ ಜೋಳಿಗೆ ಒಡ್ಡುವ ಏಕತಾರಿ ದುರುಗಪ್ಪ. ಅವಳ ಹೊಲದಲ್ಲಿ ಕಳೆ ತೆಗೆಯುವ ದಿನ ಕರೆಯದಿದ್ದರೂ ಹೋಗಿ ಬದುವಿನ ಮೇಲೆ ಕೂತು ಹಾಡುತ್ತಿದ್ದ. ಹಾಡಿನ ಆಸೆಗೇ ಆಳುಗಳು ಬರುತ್ತಿದ್ದರು. ಅವನ ಹೆಂಡತಿ ಲಕ್ಷ್ಮಕ್ಕ ಪ್ರತಿ ನುಡಿಯ ಕೊನೆಗೆ ಸೊಲ್ಲು ಹಿಡಿಯುತ್ತಿದ್ದಳು. ಸುಗ್ಗಿಗೆ ಕಣದಲ್ಲಿ ಸಿದ್ದಲಿಂಗಮ್ಮ ಅವನ ಜೋಳಿಗೆಗೆ ನವಣೆ ಸುರಿದರೆ, "ಮನಿ ತುಂಬಿರ್ಲಿ ತಾಯೀ" ಎಂದು ಹರಸುತ್ತಿದ್ದ.

ಹೋದ ಸುಗ್ಗಿ ಮುಗಿಯುವುದರೊಳಗೆ ಲಕ್ಷ್ಮಕ್ಕ ತೀರಿಕೊಂಡಳು. ನವಣೆ ಕುಟ್ಟಿ ಅನ್ನ ಮಾಡುವವರು ಯಾರು? ನವಣೆ ತುಂಬಿದ ಜೋಳಿಗೆ ಹಾಗೇ ಗೂಟಕ್ಕೆ ನೇತುಬಿತ್ತು. ದುರುಗಪ್ಪ ಕಂಡವರ ಮನೆಯ ಮುದ್ದೆ ಉಂಡು ಬಂದು ಅದನ್ನೇ ನೋಡುತ್ತ ಮಲಗುತ್ತಿದ್ದ. ಹಾಡು ಎತ್ತಿದರೆ ಸೊಲ್ಲು ಬರುತ್ತಿರಲಿಲ್ಲ. ಅದೊಂದೇ ಅವನನ್ನು ತಿಂದುಹಾಕುತ್ತಿತ್ತು.

ಮುಂಗಾರಿಗೆ ಸಿದ್ದಲಿಂಗಮ್ಮನ ಮಾಳಿಗೆ ಸೋರಿ, ಬಿತ್ತನೆಗಿಟ್ಟ ನವಣೆ ಗಡಿಗೆಯೊಳಗೇ ಮೊಳೆತುಹೋಯಿತು. ಸುತ್ತ ಎಲ್ಲೂ ಬೀಜವಿಲ್ಲ. ದುರುಗಪ್ಪ ಜೋಳಿಗೆ ಹೊತ್ತು ಓಡಿದ.

"ತಗಳ್ರಿ ಅವ್ವಾರೆ. ಒಂದ್ ಕಾಳೂ ಮುಟ್ಟಿಲ್ಲ."

ಅವಳ ಮುಖ ಅರಳಿತು, ಮತ್ತೆ ಬಾಡಿತು. "ಜೋಳಿಗಿಗೆ ಹಾಕಿದ್ದನ್ನ ತಿರುಗಿ ಇಸ್ಕಳಾಕೆ ಆಗಲ್ಲ ದುರುಗಣ್ಣ. ನಮ್ಮತ್ತೆ ಕಾಲದ ಕಟ್ಟಲೆ ಐತೆ."

"ಮತ್ತೆ ಬಿತ್ತಾಕೆ ಏನ್ ಮಾಡ್ತೀರಿ?"

ಅವಳು ಅಂಗಳದ ಕಡೆ ನೋಡಿದಳು. ಮಗ ಆಗಲೇ ಪೇಟೆಯಿಂದ ಹೈಬ್ರೀಡ್ ಬೀಜ ತರಲು ಗಾಡಿ ಕಟ್ಟುತ್ತಿದ್ದ. ಈ ವರ್ಷ ತಪ್ಪಿದರೆ ನವಣೆ ಊರಿಗೇ ಇಲ್ಲ. ಸುಡುಗಾಡು ಕಟ್ಟಲೆ ಎಂದು ಬೈದುಕೊಳ್ಳುತ್ತ ದುರುಗಪ್ಪ ವಾಪಸು ಬಂದ.

ಮಧ್ಯಾಹ್ನ ಬಾಗಿಲಾಚೆ ಯಾರೋ ಬೀಸುವ ಪದ ಎತ್ತಿದರು. ಒಡಕು ಗಂಟಲು. ಇಣುಕಿದರೆ ಸಿದ್ದಲಿಂಗಮ್ಮ! ಓಣಿಯೆಲ್ಲ ಬಾಯಿಬಿಟ್ಟು ನೋಡುತ್ತಿದೆ, ಇವಳು ಸೆರಗೊಡ್ಡಿ ನಿಂತು ಹಾಡುತ್ತಿದ್ದಾಳೆ. ಕೊಟ್ಟಿದ್ದನ್ನು ತಿರುಗಿ ಪಡೆಯಬಾರದು, ಸರಿ. ಹಾಡಿ ಗಳಿಸಿದ್ದನ್ನು ಮನೆಗೆ ಒಯ್ಯಬಾರದು ಎಂದು ಯಾರ ಅತ್ತೆಯೂ ಹೇಳಿರಲಿಲ್ಲವಲ್ಲ!

ಅವನ ಬಾಗಿಲಿಗೆ ಹಾಡಿಕೊಂಡು ಬಂದವರು ಅದುವರೆಗೆ ಯಾರೂ ಇಲ್ಲ. ದುರುಗಪ್ಪ ಒಳಗಿಂದಲೇ ಸೊಲ್ಲು ಹಿಡಿದ. ಲಕ್ಷ್ಮಕ್ಕ ಹಿಡಿಯುತ್ತಿದ್ದ ಹಾಗೆಯೇ, ಕೊನೆಯನ್ನು ಎಳೆದು ಹಿಡಿದ. ಪದ ಮುಗಿದಾಗ ಜೋಳಿಗೆಯನ್ನು ಪೂರ್ತಿ ಅವಳ ಸೆರಗಿಗೆ ಸುರಿದ.

ಅವಳು ಗಂಟು ಕಟ್ಟಿಕೊಂಡಳು. ಹಾಡಿದವರು ಹರಸದೆ ಹೋಗಬಾರದು.

"ಮನಿ ತುಂಬಿರ್ಲಿ ದುರುಗಣ್ಣ."

ಸಾವಿರ ಬಾಗಿಲಲ್ಲಿ ತಾನೇ ಹೇಳಿದ ಮಾತು. ದುರುಗಪ್ಪ ತಿರುಗಿ ಒಳಗೆ ನೋಡಿದ.

"ಹ್ಞೂಂ ಅವ್ವಾರೆ, ಬಿರ್‍ರನೆ ಹೋಗ್ರಿ, ಹೊಲದ ಹದ ಆರ್ತೈತೆ" ಎಂದ.

ಅವಳು ಓಣಿ ದಾಟಿದ ಮೇಲೆ, ಖಾಲಿ ಜೋಳಿಗೆಯನ್ನು ಮತ್ತೆ ಗೂಟಕ್ಕೆ ಹಾಕಿ, ಅದರ ಕೆಳಗೆ ಕೂತು ಅತ್ತ.