ಮೂಲೆಯ ಒಂಟೆ

"ಆಗ ನಾನು ಕುದುರೇನ ಕೊಟ್ಟೇಬಿಟ್ಟೆ!" ಎಂದು ಹಳೇ ಡ್ರೈವರ್ ಕಪ್ಪು ರಾಜನ ಮುಂದಿದ್ದ ಕಾಲಾಳನ್ನು ಹಾರಿಸಿ ಬಿಳಿ ಕುದುರೆಯನ್ನು ಟಪ್ಪನೆ ಕುಕ್ಕಿದ. ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮೆಕ್ಯಾನಿಕ್ಕುಗಳು ಎಂದಿನಂತೆ ಆಹಾ ಎಂದರು. ವಾರದಿಂದ ಇದೇ ಪ್ರದರ್ಶನ. ಆನೆಯೊಂದನ್ನು ಕಳೆದುಕೊಂಡು ಮುಳುಗಿಯೇ ಹೋಗಿದ್ದ ಆಟವನ್ನು ಅವನು ನುಗ್ಗಿ ಹೊಡೆದು ಗೆದ್ದಿದ್ದ, ಅದೂ ಸ್ವಂತ ಭಾಮೈದನ ಮೇಲೆ.

ಭಾಮೈದನೂ ಡ್ರೈವರೇ. ಕಣ್ಣಿನ ಡಾಕ್ಟರು ಹಳೇ ಡ್ರೈವರನ ಕೈಯಿಂದ ಸ್ಟೀರಿಂಗ್ ಬಿಡಿಸಿ ಟೈರ್ ಗೋದಾಮಿನ ಸ್ಟೂಲಿಗೆ ಹಚ್ಚಿದಾಗ, ಅವನ ಬಸ್ಸು ಹೋದದ್ದು ಇವನಿಗೆ. ಅಂದಿನಿಂದ ಮನೆಯಲ್ಲಿ ಹಳೇ ಡ್ರೈವರನ ಬಾಯಿಗೆ ಬೀಗ. ಈ ಗೆಲುವಾದ ಮೇಲೆಯೇ ಎರಡು ತುತ್ತು ಹೆಚ್ಚಿಗೆ ತಿಂದು ಹೆಂಡತಿಯ ಜತೆ ನಗುತ್ತ ಮಾತಾಡಿದ್ದು. ಇದೊಂದು ಆಟ ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳಲು ಅವನಲ್ಲಿ ಬೇರೇನೂ ಉಳಿದಿರಲಿಲ್ಲ.

"ರಾಜ ಕುದುರೇನ ಹೊಡೆದ. ನಾನು ಮಂತ್ರೀನ ಕಾಲಾಳಿನ ಕಾವಲಲ್ಲಿ ಸೀದಾ ಅವನ ಮಗ್ಗುಲಿಗೇ ತಂದಿಟ್ಟು ಚೆಕ್ ಅಂದೆ!"

"ಸ್ವಲ್ಪ ನಿಧಾನ," ಎಂದಳು ಟಿಕೆಟ್ ಕೌಂಟರಿಗೆ ಹೊಸದಾಗಿ ಬಂದಿದ್ದ ಹೆಂಗಸು. "ನಂಗೆ ಇದರ ತಲೆಬುಡ ಗೊತ್ತಿಲ್ಲ. ಯಾವ್ದು ಹೇಗೆ ಹೋಗುತ್ತೆ ಅಂತ ಹೇಳಿ, ಆಮೇಲೆ ಕೊಲ್ಲಿ."

ಎಲ್ಲರೂ ನಕ್ಕರು. ಕಲಿಸಲು ಒಬ್ಬರು ಸಿಕ್ಕರೆಂದು ಅವನು ಉಬ್ಬಿಹೋದ. "ಆನೆ ನೆಟ್ಟಗೆ. ಒಂಟೆ ಓರೆ. ದಾರೀಲಿ ಯಾರೂ ಅಡ್ಡ ಇಲ್ಲ ಅಂದ್ರೆ ಎಷ್ಟು ದೂರ ಬೇಕಾದ್ರೂ ಹೋಗುತ್ತೆ, ನೋಡಿ ಹೀಗೆ," ಎಂದು ಆಚೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕಪ್ಪು ಒಂಟೆಯಿಂದ ಬೆರಳೆಳೆದ. ಬೆರಳು ಖಾಲಿ ಮನೆಗಳ ಮೇಲೆ ಜಾರುತ್ತ ಬಂದು ನಿಂತದ್ದು ಅವನದೇ ಮಂತ್ರಿಯ ಬುಡದಲ್ಲಿ.

ಆವತ್ತು ಆ ಒಂಟೆ ಮಂತ್ರಿಯನ್ನು ಹೊಡೆದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆವೇಶದಲ್ಲಿ ತನಗೆ ಕಾಣದ್ದು ಸರಿ. ಭಾಮೈದನೋ, ಹತ್ತು ಸಲ ಯೋಚಿಸದೆ ಕಾಲಾಳನ್ನೂ ಮುಟ್ಟುವವನಲ್ಲ. "ಒಂದ್ನಿಮಿಷ," ಎಂದು ಎದ್ದು ಹೊರಗೆ ಬಂದ.

ಭಾಮೈದ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ.

"ಆವತ್ತು ಒಂಟೇಲಿ ಯಾಕೋ ಹೊಡೀಲಿಲ್ಲ?"

"ಯಾವ ಒಂಟೆ ಭಾವ?"

"ನನ್ನ ಮುಖ ನೋಡಿ ಹೇಳು."

ಅವನು ನೋಡಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ಅಕ್ಕ ಅತ್ತುಬಿಟ್ಳು ಭಾವ. ಒಂದ್ಸಲ ಗೆಲ್ಲಲಿ ಬಿಡೋ ಅಂದ್ಳು. ನಾನೇನು ಮಾಡ್ಲಿ?"

ಹಳೇ ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ತಗೊಂಡದ್ದು ಸಾಲದೆ ಭಿಕ್ಷೆ ಬೇರೆ ಹಾಕಿದನಲ್ಲ! ತಟ್ಟೆಯ ಮುಂದೆ ಕೂತು ತಾನು ನಡೆ ನಡೆಯನ್ನೂ ವರ್ಣಿಸುವಾಗ ಹೆಂಡತಿ ಏನೂ ಅರಿಯದವಳ ಹಾಗೆ ಕಣ್ಣರಳಿಸಿ ಕೇಳಿದ್ದಳು. ಬೈಯಲು ಬಾಯಿ ತೆರೆದ.

"ಬನ್ನಿ ಗುರುಗಳೇ, ಮೇಡಂ ಕಾಯ್ತಿದ್ದಾರೆ!" ಎಂದು ಒಳಗಿನಿಂದ ಯಾರೋ ಕೂಗಿದರು.

ಅವನು ಹೋಗಿ ಕೂತ. "ಆಮೇಲೇನಾಯ್ತು?" ಎಂದಳು ಆಕೆ. ಅವನ ಕೈ ಒಂಟೆಯ ತನಕ ಹೋಗಿ ಒಂದು ಗಳಿಗೆ ಅಲ್ಲೇ ನಿಂತಿತು. ಮತ್ತೆ ಕಪ್ಪು ರಾಜನನ್ನು ಹಿಡಿದು ಹಿಂದಕ್ಕೆ ಸರಿಸಿದ.

"ಹೆದರಿ ಓಡಿದ," ಎಂದ. ಉಳಿದಿದ್ದ ಆನೆಯನ್ನು ತಂದಿಟ್ಟು ಆಟ ಮುಗಿಸಿದ.

ಎಲ್ಲರಿಗಿಂತ ಮೊದಲು ಚಪ್ಪಾಳೆ ಕೇಳಿಸಿದ್ದು ಬಾಗಿಲ ಕಡೆಯಿಂದ. ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಭಾಮೈದ ನಿಂತಿದ್ದ.