ಎರಡನೇ ಬದಿಯ ನಾಲ್ಕು ಸೆಕೆಂಡು

"ನಿಲ್ಲಿಸಿ ಹಿಡೀರಿ! ಮಲಗಿಸಿದ್ರೆ ಬಾಗೋಗ್ತವೆ!" ಎಂದು ಪ್ಯಾಕರ್ ಮಾಮ ಕೂಗಿದರು.

ಅವರು ಹೇಳಿದ್ದು ರೆಕಾರ್ಡುಗಳ ಬಗ್ಗೆ. ಆದರೆ ಅದೇ ಗಳಿಗೆಗೆ ಶವಪೆಟ್ಟಿಗೆಯನ್ನು ಬಾಗಿಲಲ್ಲಿ ಓರೆ ಮಾಡಿಕೊಂಡು ಒಳಗೆ ತರುತ್ತಿದ್ದ ಗಾಡಿಯವರಿಬ್ಬರು ಗಾಬರಿಯಾಗಿ ಪೆಟ್ಟಿಗೆಯನ್ನೇ ನೆಟ್ಟಗೆ ನಿಲ್ಲಿಸಲು ಹೋದರು. ಒಳಗಿದ್ದ ಮನುಷ್ಯ ಬದುಕಿದ್ದಾಗಲೂ ಯಾರೆದುರೂ ಅಷ್ಟು ನೆಟ್ಟಗೆ ನಿಂತವರಲ್ಲ.

"ಅಯ್ಯೋ, ಅವರನ್ನಲ್ಲಪ್ಪ!"

ಪೆಟ್ಟಿಗೆ ಕೊನೆಗೂ ನಡುಮನೆಯ ಮಧ್ಯೆ ಬೆಂಚಿನ ಮೇಲೆ ಕೂತಿತು. ಅದಕ್ಕೆ ಜಾಗ ಮಾಡಲೆಂದೇ ರೆಕಾರ್ಡಿನ ಕಪಾಟನ್ನು ಖಾಲಿ ಮಾಡುತ್ತಿದ್ದದ್ದು. ಗಾಡಿಯವರು ನಾಲ್ಕು ಗಂಟೆಗೆ ಮತ್ತೆ ಬರುತ್ತೇವೆಂದು ಮೆಟ್ಟಿಲಿಳಿದು ಹೋದರು. ಮಗಳು ಎದೆಗವಚಿಕೊಂಡಿದ್ದ ರೆಕಾರ್ಡುಗಳನ್ನು ಗೋಡೆಗೆ ಒರಗಿಸಿಟ್ಟಳು. ಎಲ್ಲದಕ್ಕೂ ಒಂದೇ ಹಸಿರು ರಟ್ಟು, ಒಂದೇ ಚಿತ್ರ, ಕೂದಲು ಬಿಟ್ಟ ಅದೇ ನಾಲ್ವರು ಹುಡುಗರು.

"ಒಂದೇ ಹಾಡಿನ ತಟ್ಟೆ ಹದಿನೇಳು!" ಎಂದರು ಅತ್ತೆ. ಅವರು ಸತ್ತವರ ಅಕ್ಕ. "ಊಟದ ತಟ್ಟೆ ಆಗಿದ್ರೆ ಹದಿನೇಳು ಜನಕ್ಕೆ ಬಡಿಸಬಹುದಿತ್ತು. ಇವನ ಹೆಂಡ್ತಿ ಬೈದು ಬೈದು ಸಾಕಾಗಿ ಅವಳೇ ಮೊದಲು ಹೋದ್ಲು."

"ಒಂದೇ ಅಲ್ಲ ಅಕ್ಕ," ಎಂದರು ಪ್ಯಾಕರ್ ಮಾಮ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಅಪ್ಪನ ಪಕ್ಕದ ಮೇಜಿನಲ್ಲಿ ಕೂತು ಮಾಮನಾದವರು ಅವರು. "ಇದು ಮೊದಲನೇ ಅಚ್ಚಿನದು. ಇದು ಅದೇ ಅಚ್ಚು ಸವೆದ ಮೇಲೆ ಒತ್ತಿದ್ದು, ತಾಳದ ಸದ್ದು ಮಂಕಾಗಿದೆ. ಇದು ಹೊರದೇಶದಲ್ಲಿ ಒತ್ತಿದ್ದು. ಇದು ಕ್ಯಾಸೆಟ್ಟು, ಇದು ಸೀಡಿ."

"ಹಾಡು ಒಂದೇ ತಾನೇ?"

"ಹಾಡು ಒಂದೇ. ಮಧ್ಯದ್ದು ಬೇರೆ ಬೇರೆ."

ಅತ್ತೆ ಕೈಬೀಸಿ ಪಕ್ಕಕ್ಕೆ ತಿರುಗಿದರು. ಮಗಳು ತಿರುಗಲಿಲ್ಲ. ಹೇಳಿದವರನ್ನು ಬಿಟ್ಟರೆ, ಆ ಮಾತಿನ ಅರ್ಥ ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

*

ರೆಕಾರ್ಡು ಕಾರ್ಖಾನೆಯಲ್ಲಿ ಬರೀ ಕಿವಿಗೆ ಸಂಬಳ ಪಡೆಯುತ್ತಿದ್ದವರು ಅಪ್ಪ ಒಬ್ಬರೇ. ಐನೂರಕ್ಕೆ ಒಂದರಂತೆ ರೆಕಾರ್ಡು ತೆಗೆದು ಅವರ ಕೋಣೆಗೆ ಕಳಿಸುತ್ತಿದ್ದರು. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ, ಕಿಟಕಿಯಿಲ್ಲದ ಕೋಣೆ. ಎರಡೂ ಬದಿ ಪೂರ್ತಿ ಕೇಳಿ, ಎಲ್ಲಿ ಟಿಕ್ಕೆಂದಿತು, ಎಲ್ಲಿ ಗೊರಗುಟ್ಟಿತು ಎಂದು ಚೀಟಿಯಲ್ಲಿ ಬರೆಯಬೇಕು. ಹಾಡು ಹೇಗಿದೆಯೆಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ಹಾಡಿನ ಗದ್ದಲದಲ್ಲಿ ದೋಷ ಮುಚ್ಚಿಹೋಗುತ್ತದೆ, ಹಾಗಾಗಿ ಅವರು ಕಿವಿ ನಿಮಿರಿಸುತ್ತಿದ್ದದ್ದು ಎರಡು ಹಾಡುಗಳ ನಡುವಿನ ಖಾಲಿ ಜಾಗದಲ್ಲಿ.

ಹಸಿರು ರಟ್ಟಿನ ಆ ರಾಕ್ ಆಲ್ಬಮ್ಮನ್ನು ಆ ವರ್ಷ ಮೂರು ಪಾಳಿಯಲ್ಲಿ ಒತ್ತಿದರೂ ಸಾಲುತ್ತಿರಲಿಲ್ಲ. ಅಂಥದ್ದರಲ್ಲಿ ಅಪ್ಪ ಚೀಟಿ ಬರೆದರು: 'ಎರಡನೇ ಬದಿ. ಕೊನೆಯ ಹಾಡಿಗೆ ಮುಂಚಿನ ನಾಲ್ಕು ಸೆಕೆಂಡಿನಲ್ಲಿ ಹೆಜ್ಜೆ ಸದ್ದು.' ಚೀಟಿಯ ಮಾತೆಂದರೆ ಮಾತು. ಐನೂರು ರೆಕಾರ್ಡು ಮತ್ತೆ ಕರಗಿಸುವ ಹಂಡೆಗೆ ಹೋದವು. ಆಮೇಲೆ ಎಂಜಿನಿಯರ್ ಹತ್ತು ಸಲ ಕೇಳಿದರು. ಮ್ಯಾನೇಜರ್ ಕೇಳಿದರು. ಯಾರಿಗೂ ಏನೂ ಕೇಳಿಸಲಿಲ್ಲ. ಅಪ್ಪನಿಗೆ ಅಂದೇ 'ಹೆಜ್ಜೆಯಣ್ಣ' ಎಂದು ಹೆಸರು ಬಿತ್ತು.

ಸಂಜೆ ಅವರು ಒಂದು ರೆಕಾರ್ಡನ್ನು ಮನೆಗೆ ತಂದು ಮಗಳನ್ನು ಕೂರಿಸಿಕೊಂಡರು. ಅವಳಿಗೆ ಹನ್ನೆರಡು. ಎರಡು ಕೋಣೆ ಆಚೆ ನಲ್ಲಿ ತೊಟ್ಟಿಕ್ಕಿದರೂ ಎದ್ದುಹೋಗಿ ತಿರುಗಿಸಿ ಬರುವ ಹುಡುಗಿ.

"ನನ್ನ ಕಿವಿ ನಿಂಗೆ ಬಂದಿದೆ ಪುಟ್ಟಿ. ಅಲ್ಲಿ ಏನಿದೆ ಹೇಳು. ನಾನು ಹೇಳಿಕೊಡಲ್ಲ."

ಹಾಡು ಮುಗಿಯಿತು. ಸೊರ್ ಎನ್ನುವ ಸದ್ದಿನ ಹಿಂದೆ ಯಾರೋ ನಡೆಯುತ್ತಿದ್ದರು. ಬಲು ದೂರ, ಉದ್ದನೆಯ ಓಣಿಯೊಂದರ ತುದಿಯಲ್ಲಿ, ಏನೂ ಅವಸರವಿಲ್ಲದೆ. ಒಂದು ಕಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಅವಳ ಮೈ ಜುಮ್ಮೆಂದಿತು. ತನಗೂ ಕೇಳಿಸಿತು ಎಂದುಬಿಟ್ಟರೆ ಅದು ನಿಜವಾಗುತ್ತದೆ. ಇಲ್ಲವೆಂದರೆ ಅಪ್ಪನ ತಲೆಯೊಳಗೇ ಉಳಿದುಕೊಳ್ಳುತ್ತದೆ. ಹನ್ನೆರಡರ ಬುದ್ಧಿಗೆ ಹೊಳೆದದ್ದು ಅಷ್ಟೇ.

"ಏನೂ ಇಲ್ಲಪ್ಪ."

"ಇನ್ನೊಂದ್ಸಲ ಕೇಳ್ತೀಯಾ?"

"ಏನೂ ಇಲ್ಲ ಅಂದ್ನಲ್ಲ!"

ಅಪ್ಪ ಬೈಯಲಿಲ್ಲ. ಮುಳ್ಳನ್ನೆತ್ತಿ ಅದರ ಜಾಗದಲ್ಲಿಟ್ಟರು. ಮರುದಿನ ತಾವಾಗಿಯೇ ಎಂಜಿನಿಯರ್ ಹತ್ತಿರ ಹೋಗಿ, ನನ್ನ ಕಿವಿ ನಂಬೋ ಹಾಗಿಲ್ಲ, ಪ್ಯಾಕಿಂಗಿಗೆ ಹಾಕಿ ಎಂದರು. ನಿವೃತ್ತಿಯವರೆಗೂ ಅವರು ಮಾಡಿದ್ದು ರಟ್ಟಿಗೆ ರೆಕಾರ್ಡು, ಡಬ್ಬಿಗೆ ಕ್ಯಾಸೆಟ್ಟು ತುರುಕುವ ಕೆಲಸ.

*

ಎರಡೂವರೆಗೆ ಆ ಎಂಜಿನಿಯರೇ ಬಂದರು. ಎಂಬತ್ತು ದಾಟಿದರೂ ಇಸ್ತ್ರಿ ಕೆಡದ ಮನುಷ್ಯ. ಪೆಟ್ಟಿಗೆಯ ಮುಂದೆ ತಲೆಬಾಗಿ ನಿಂತು, ಕುರ್ಚಿ ಎಳೆದುಕೊಂಡು ಕೂತರು.

"ಒಳ್ಳೇ ಜೀವ," ಎಂದರು. "ಆದ್ರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪಾಪ, ಕಿವಿ ಹೋಗಿತ್ತು, ಒಪ್ಪಿಕೊಳ್ಳೋಕೆ ಆಗ್ಲಿಲ್ಲ. ಇಲ್ಲದ್ದನ್ನ ಹುಡುಕ್ತಾ ಹದಿನೇಳು ಕೊಂಡುಕೊಂಡ್ರು."

ಕೂತಿದ್ದ ಹತ್ತು ಹನ್ನೆರಡು ಜನ ಹೌದೌದೆಂದು ತಲೆಯಾಡಿಸಿದರು. ಯಾರೋ "ಹೆಜ್ಜೆಯಣ್ಣ" ಎಂದು ಮೆಲ್ಲಗೆ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. ಮಗಳಿಗೆ ಅದೇ ತಡೆಯಲಾಗಲಿಲ್ಲ. ಇನ್ನು ಒಂದೂವರೆ ಗಂಟೆಯಲ್ಲಿ ಅಪ್ಪ ಈ ಹೆಸರನ್ನು ಹೊತ್ತುಕೊಂಡೇ ಮನೆಯಿಂದ ಹೊರಟುಬಿಡುತ್ತಾರೆ.

"ಸರ್, ನಂಗೆ ಕೇಳಿಸಿತ್ತು."

"ಏನಮ್ಮ?"

"ಹೆಜ್ಜೆ. ಚಿಕ್ಕೋಳಿದ್ದಾಗ ಒಂದ್ಸಲ. ಆಮೇಲೆ ಅಪ್ಪ ಕೇಳಿಸಿದಾಗೆಲ್ಲ. ಭಯಕ್ಕೆ ಸುಳ್ಳು ಹೇಳಿದೆ. ಅಪ್ಪನ ಕಿವಿ ಸರಿಯಾಗೇ ಇತ್ತು."

ಎಂಜಿನಿಯರ್ ಅವಳ ಕೈ ತಟ್ಟಿದರು.

"ಇಂಥ ದಿನ ಮನಸ್ಸಿಗೆ ಏನೇನೋ ಅನ್ಸುತ್ತೆ. ಸ್ವಲ್ಪ ನೀರು ಕುಡಿಯಮ್ಮ."

"ಮಗಳು ಅಂದ್ರೆ ಹೀಗಿರ್ಬೇಕು," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಸತ್ತ ಮೇಲಾದ್ರೂ ಅಪ್ಪನ ಮಾನ ಕಾಯ್ತಿದ್ದಾಳೆ ನೋಡಿ."

ಆ ಹೊಗಳಿಕೆ ಅವಳ ಕಪಾಳಕ್ಕೆ ಬಾರಿಸಿದಂತಾಯಿತು. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ತಪ್ಪನ್ನು ಹೊರಗೆ ಹಾಕಿದರೆ ಅದನ್ನು ಒಳ್ಳೆಯತನವೆಂದು ಎತ್ತಿಟ್ಟುಕೊಂಡರಲ್ಲ! ಅವಳು ಎದ್ದು ಅಡುಗೆಮನೆಗೆ ಹೋದಳು. ಪ್ಯಾಕರ್ ಮಾಮ ಹಿಂದೆಯೇ ಬಂದರು. ಒಂದು ಕೈಯಲ್ಲಿ ಅಪ್ಪನ ನೋಟುಬುಕ್ಕು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹಸಿರು ರಟ್ಟು.

"ನಾನು ನಂಬ್ತೀನಿ," ಎಂದರು. "ಇದನ್ನ ಓದು."

ಅಪ್ಪನ ಅಕ್ಷರ ಚೀಟಿ ಬರೆಯುತ್ತಿದ್ದ ಕಾಲದ್ದೇ, ಸಣ್ಣ, ನೆಟ್ಟನೆಯದು. ಮೊದಲನೇ ಅಚ್ಚು: ದೂರ, ಓಣಿಯ ತುದಿ. ಹೊರದೇಶದ್ದು: ಓಣಿಯ ನಡುವೆ. ಕ್ಯಾಸೆಟ್ಟು: ಮೆಟ್ಟಿಲು ಹತ್ತುತ್ತಿದೆ. ಸೀಡಿಯಲ್ಲಿ ಸೊರ್ ಸದ್ದೇ ಇಲ್ಲ, ನಾಲ್ಕು ಸೆಕೆಂಡು ಕಾರಿರುಳಿನಂಥ ಮೌನ. ಅದರ ಮುಂದೆ ಬರೆದಿದ್ದರು: ನಡೆಯುತ್ತಿಲ್ಲ. ಬಾಗಿಲ ಹೊರಗೆ ನಿಂತಿದೆ.

"ಇದು ಹೋದ ವಾರ ಬಂತು," ಮಾಮ ಹೊಸ ರೆಕಾರ್ಡನ್ನು ಎತ್ತಿ ಹಿಡಿದರು. "ಮೂಲ ಟೇಪಿಂದ ಹೊಸದಾಗಿ ಮಾಡಿ ಒತ್ತಿದ್ದು, ದಪ್ಪ ತಟ್ಟೆ. ಹಾಕೋಣ ಅಂದೆ. ನಿಮ್ಮಪ್ಪ ನಕ್ಕುಬಿಟ್ರು. 'ನಾನೊಬ್ನೇ ಕೇಳಿ ಏನು ಮಾಡ್ಲಿ? ಯಾರಾದ್ರೂ ಜೊತೆಗೆ ಕೂತು ಹೌದು ಅಂದ್ರೆ ಹಾಕ್ತೀನಿ' ಅಂದ್ರು."

"ನನ್ನ ಕರೀಲಿಲ್ಲ."

"ನಿಂಗೆ ತೊಂದ್ರೆ ಕೊಡಬಾರದು ಅಂತ."

ಅವಳು ಸಿಂಕಿನ ಅಂಚು ಹಿಡಿದು ಅತ್ತಳು. ನಿನ್ನೆ ಆಸ್ಪತ್ರೆಯಲ್ಲೂ ಬಾರದ ಅಳು. ಆಮೇಲೆ ಮುಖ ತೊಳೆದು, ಹಲ್ಲಿನಿಂದ ಪ್ಲಾಸ್ಟಿಕ್ ಹರಿದಳು.

*

"ಸಾವಿನ ಮನೇಲಿ ರಾಕ್ ಹಾಡಾ?" ಎಂದರು ಅತ್ತೆ.

"ಒಂದು ಬದಿ ಅತ್ತೆ. ಎರಡನೇ ಬದಿ. ಸರ್, ನೀವೂ ಕೇಳಿ."

"ಕೇಳೋಣಂತೆ," ಎಂದರು ಎಂಜಿನಿಯರ್. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ." ಕೈಗಡಿಯಾರವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

ಅವಳು ಮುಳ್ಳನ್ನಿಳಿಸಿದಳು. ಹಳೆಯ ತಟ್ಟೆಗಳ ಕಟಕಟವಿಲ್ಲ. ಗಿಟಾರ್ ಅಪ್ಪನ ತಲೆಯ ಬಳಿಯೇ ಕೂತು ಬಾರಿಸಿದಷ್ಟು ಹತ್ತಿರ. ಮೊದಲನೇ ಹಾಡಿಗೆ ಜನ ಮುಜುಗರಪಟ್ಟರು. ಎರಡನೆಯದಕ್ಕೆ ಒಬ್ಬರ ಕಾಲು ತಾಳ ಹಾಕಿತು. ಮೂರನೆಯದು ದೀರ್ಘವಾಗಿ ಎಳೆದು, ಸಣ್ಣಗಾಗಿ, ನಿಂತಿತು.

ಮುಳ್ಳು ಖಾಲಿ ಗೆರೆಯ ಮೇಲೆ ಸುತ್ತಿತು.

ಮೊದಲು ಎಂಜಿನಿಯರ್ ತಮ್ಮ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವರ ಪಕ್ಕದವರು ಮಂಡಿ ಓರೆ ಮಾಡಿದರು. ಅತ್ತೆ ನೆಲದ ಮೇಲಿಟ್ಟಿದ್ದ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ಪ್ಯಾಕರ್ ಮಾಮ ಎದ್ದು, ಅಡ್ಡವಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಯಾರೂ ಯಾರಿಗೂ ಹೇಳಲಿಲ್ಲ. ತಡವಾಗಿ ಬಂದವರಿಗೆ ದಾರಿ ಬಿಡುವಂತೆ ಎಲ್ಲರೂ ಸರಿದರು. ತೆರೆದ ಬಾಗಿಲಿನಿಂದ ಪೆಟ್ಟಿಗೆಯವರೆಗೂ ಸಣ್ಣದೊಂದು ದಾರಿ ತೆರೆದುಕೊಂಡಿತು. ಎಲ್ಲರ ಕಣ್ಣೂ ನೆಲದ ಮೇಲೆ ಬಾಗಿಲಿನಿಂದ ಒಳಕ್ಕೆ ನಿಧಾನವಾಗಿ ಬಂದವು.

ಕೊನೆಯ ಹಾಡು ಶುರುವಾಯಿತು.

"ಕೇಳಿಸ್ತು ಅಪ್ಪ," ಎಂದಳು ಮಗಳು. ಜೋರಾಗಿಯೇ ಹೇಳಿದಳು. "ಅವತ್ತೂ ಕೇಳಿಸಿತ್ತು."

ಈ ಸಲ ಅವಳಿಗೆ ನೀರು ಕುಡಿ ಎಂದು ಯಾರೂ ಹೇಳಲಿಲ್ಲ. ಸರಿದ ಕುರ್ಚಿಗಳನ್ನು ಯಾರೂ ಹಿಂದಕ್ಕೆ ಎಳೆಯಲಿಲ್ಲ. ಹಾಡು ಮುಗಿದು ಮುಳ್ಳು ತಾನಾಗಿ ಎದ್ದು ಪಕ್ಕಕ್ಕೆ ಹೋಯಿತು. ಆಗ ಪೆಟ್ಟಿಗೆಯ ಬಳಿ ಕೂತಿದ್ದವರು ಇನ್ನೊಮ್ಮೆ ಕಾಲು ಹಿಂದಕ್ಕೆಳೆದುಕೊಂಡರು. ಅವರ ನಂತರ ಅವರ ಪಕ್ಕದವರು, ನಂತರ ಬಾಗಿಲ ಬಳಿಯವರು.

ಗಾಡಿಯವರು ಹೊತ್ತಿಗೆ ಸರಿಯಾಗಿ ಬಂದಿದ್ದರು. ಆದರೆ ಇನ್ನೂ ಒಳಗೆ ಬಂದಿರಲಿಲ್ಲ. ಅವಳು ಬಾಗಿಲಿಗೆ ಹೋಗಿ ನೋಡಿದಳು. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು, ಇಬ್ಬರು ಜೊತೆಯಾಗಿ ಇಳಿದುಹೋಗುವಷ್ಟು ಜಾಗ ಬಿಟ್ಟು.